ಆರು ವೋಲ್ಟಿನಿಂದ ಹನ್ನೆರಡಕ್ಕೆ: ಮೈಸೂರು ಜಾವಾದ ಡೈನಮೋ ಚರಿತ್ರೆ

ಹಳೆಯ ಮೋಟಾರ್‌ಸೈಕಲ್ಲುಗಳ ಚರಿತ್ರೆಯನ್ನು ಬರೆದವರು ಎಂಜಿನ್ನಿನ ಶಕ್ತಿ, ಪೆಟ್ರೋಲ್ ಟ್ಯಾಂಕಿನ ಆಕಾರ, ಸೈಲೆನ್ಸರಿನ ಸದ್ದು ಇವುಗಳ ಬಗ್ಗೆ ವಿಸ್ತಾರವಾಗಿ ಹೇಳಿ, ಅದೇ ವಾಹನದ ವಿದ್ಯುತ್ ವ್ಯವಸ್ಥೆಯನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ಆದರೆ ಕತ್ತಲಾದ ಮೇಲೆ ಸವಾರ ಸುರಕ್ಷಿತವಾಗಿ ಊರು ಸೇರುತ್ತಾನೆಯೇ, ಮರುದಿನ ಬೆಳಿಗ್ಗೆ ಗಾಡಿ ಕಿಕ್ಕಿಗೆ ಓಗೊಡುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಈ ವ್ಯವಸ್ಥೆಯೇ. ಚಾರ್ಜಿಂಗ್ ವ್ಯವಸ್ಥೆಯೆಂದರೆ, ಎಂಜಿನ್ನಿನ ತಿರುಗಾಟದಿಂದ ವಿದ್ಯುತ್ತನ್ನು ಉತ್ಪಾದಿಸುವ ಡೈನಮೋ ಅಥವಾ ಆಲ್ಟರ್ನೇಟರ್, ಆ ವಿದ್ಯುತ್ತಿನ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್, ಖರ್ಚಾಗಿ ಉಳಿದದ್ದನ್ನು ಕೂಡಿಡುವ ಬ್ಯಾಟರಿ, ಈ ಮೂರೂ ಸೇರಿದ ಏರ್ಪಾಡು. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್‌ಸೈಕಲ್ಲಿನ 6 ವೋಲ್ಟ್ ಡೈನಮೋವನ್ನು ತೆಗೆದು ಅದರ ಜಾಗದಲ್ಲಿ 12 ವೋಲ್ಟಿನ ವ್ಯವಸ್ಥೆಯನ್ನು ಕೂರಿಸುವ ಕೆಲಸ ಇಂದು ಹಳೆಯ ಗಾಡಿಗಳ ಒಡೆಯರಿಗೆ ಪರಿಚಿತವಾದದ್ದೇ. ಅದನ್ನು ಹೊಸ ಕಾಲವು ಹಳೆಯ ಯಂತ್ರದ ಮೇಲೆ ಹೇರಿದ ಅಪಚಾರವೆಂದು ಭಾವಿಸುವವರೂ ಇದ್ದಾರೆ. ಡೈನಮೋದ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ, ಈ ಭಾಗವನ್ನು ಅದರ ತಯಾರಕರೇ ಎಂದೂ ಅಂತಿಮವೆಂದು ಭಾವಿಸಿರಲಿಲ್ಲ ಎಂಬುದೂ, ದೀಪ, ರಸ್ತೆ ಮತ್ತು ಲೋಹವಿದ್ಯೆಗಳ ಒತ್ತಡಕ್ಕೆ ಸಿಕ್ಕಿ ಅದು ಪ್ರತಿ ಎರಡು ಮೂರು ದಶಕಗಳಿಗೊಮ್ಮೆ ರೂಪ ಬದಲಿಸುತ್ತಲೇ ಬಂದಿದೆ ಎಂಬುದೂ ಸ್ಪಷ್ಟವಾಗುತ್ತದೆ.

ಮೋಟಾರ್‌ಸೈಕಲ್ಲಿನ ಮೊದಲ ತಲೆಮಾರಿಗೆ ಚಾರ್ಜಿಂಗ್ ವ್ಯವಸ್ಥೆಯೆಂಬುದೇ ಇರಲಿಲ್ಲ. ಎಂಜಿನ್ನಿನ ಒಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ತಾಗಿಸುವ ಕೆಲಸವನ್ನು ಮ್ಯಾಗ್ನೆಟೋ ಎಂಬ ಸ್ವತಂತ್ರ ಯಂತ್ರ ಮಾಡುತ್ತಿತ್ತು; ಅದರೊಳಗಿನ ಅಯಸ್ಕಾಂತದ ನಡುವೆ ತಂತಿಯ ಸುರುಳಿಗಳು ಎಂಜಿನ್ನಿನ ಜೊತೆಗೇ ತಿರುಗಿ ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಹುಟ್ಟಿಸಿಕೊಳ್ಳುತ್ತಿದ್ದುದರಿಂದ ಬ್ಯಾಟರಿಯ ಹಂಗು ಇರಲಿಲ್ಲ. ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನೊಲ್ಡ್ ಎಂಬ ಎಂಜಿನಿಯರು 1902ರಲ್ಲಿ ರೂಪಿಸಿದ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಈ ಕ್ಷೇತ್ರದಲ್ಲಿ ಬಹುಕಾಲ ಮಾದರಿಯಾಗಿ ನಿಂತಿತು. ದೀಪದ ಕೆಲಸಕ್ಕೆ ಕಾರ್ಬೈಡ್ ದೀಪವಿತ್ತು: ಒಂದು ಡಬ್ಬಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಹರಳುಗಳನ್ನು ತುಂಬಿ, ಮೇಲಿನಿಂದ ನೀರು ತೊಟ್ಟಿಕ್ಕುವಂತೆ ಮಾಡಿದರೆ ಅಸಿಟಿಲೀನ್ ಅನಿಲ ಉತ್ಪತ್ತಿಯಾಗಿ ಕೊಳವೆಯ ಮೂಲಕ ದೀಪಕ್ಕೆ ಹರಿದು ಬಿಳಿಯ ಜ್ವಾಲೆಯಾಗಿ ಉರಿಯುತ್ತಿತ್ತು. ಬೆಳಕೇನೋ ಪ್ರಖರವಾಗಿತ್ತು, ಆದರೆ ಪ್ರತಿ ಬಾರಿಯೂ ಹರಳು ತುಂಬುವುದು, ಬೂದಿಯಂಥ ಸುಣ್ಣವನ್ನು ಕೆರೆದು ತೆಗೆಯುವುದು, ಗಾಳಿ ಮಳೆಗಳಲ್ಲಿ ಆರಿಹೋದ ಜ್ವಾಲೆಯನ್ನು ಮತ್ತೆ ಹೊತ್ತಿಸುವುದು ಸವಾರನ ನಿತ್ಯದ ಕರ್ಮವಾಗಿತ್ತು.

ವಿದ್ಯುತ್ ದೀಪ ಬಂದದ್ದರಿಂದಲೇ ಡೈನಮೋ ಬರಬೇಕಾಯಿತು. ಡೈನಮೋದ ಹಿಂದಿನ ತತ್ತ್ವ ಅದಾಗಲೇ ಹಳೆಯದಾಗಿತ್ತು. ಅಯಸ್ಕಾಂತದ ಎದುರು ತಂತಿಯನ್ನು ಚಲಿಸಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟಿದ್ದನು. ಯಂತ್ರಕ್ಕೆ ಬೇಕಾದ ಕಾಂತಶಕ್ತಿಯನ್ನು ಅದೇ ಯಂತ್ರ ಉತ್ಪಾದಿಸಿದ ವಿದ್ಯುತ್ತಿನಿಂದಲೇ ಪಡೆಯಬಹುದೆಂಬ ವಿಚಾರವನ್ನು 1866-67ರ ವೇಳೆಗೆ ಜರ್ಮನಿಯಲ್ಲಿ ವೆರ್ನರ್ ಸೀಮೆನ್ಸ್, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಮೊದಲಾದವರು ಬೇರೆ ಬೇರೆಯಾಗಿ ಕಂಡುಕೊಂಡಿದ್ದರು. ಬ್ಯಾಟರಿಯ ಕಥೆಯೂ ಇದೇ ಬಗೆಯದು. ಸೀಸದ ಫಲಕಗಳನ್ನು ಆಮ್ಲದಲ್ಲಿ ಮುಳುಗಿಸಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಕೋಶವನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ತಯಾರಿಸಿದ್ದನು. ಇಂಥ ಒಂದು ಕೋಶದ ವೋಲ್ಟೇಜು ಸುಮಾರು 2 ಇರುವುದರಿಂದ ಮೂರು ಕೋಶಗಳ ಬ್ಯಾಟರಿ 6 ವೋಲ್ಟಿನದಾಗುತ್ತದೆ, ಆರು ಕೋಶಗಳದು 12 ವೋಲ್ಟಿನದಾಗುತ್ತದೆ. ಚಿಕ್ಕದೂ ಹಗುರವೂ ಅಗ್ಗವೂ ಆಗಿರಬೇಕಾದ ಮೋಟಾರ್‌ಸೈಕಲ್ ಬ್ಯಾಟರಿಗೆ ಮೂರು ಕೋಶಗಳೇ ಸಾಕೆಂದು ತಯಾರಕರು ಅಂದು ತೀರ್ಮಾನಿಸಿದ್ದು ಸಹಜವಾಗಿತ್ತು. 1920ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯು ಮ್ಯಾಗ್ನೆಟೋದ ಮೈಮೇಲೆ ಡೈನಮೋವನ್ನು ಪಟ್ಟಿಯಿಂದ ಬಿಗಿದು ಮ್ಯಾಗ್‌ಡೈನೋ ಎಂಬ ಜೋಡಿ ಯಂತ್ರವನ್ನು ಮಾರುಕಟ್ಟೆಗೆ ತಂದಾಗ, ಕಿಡಿಗೆ ಒಂದು ಯಂತ್ರ, ಬೆಳಕಿಗೆ ಇನ್ನೊಂದು ಎಂಬ ವಿಭಾಗ ಬ್ರಿಟಿಷ್ ಮೋಟಾರ್‌ಸೈಕಲ್ಲುಗಳಲ್ಲಿ ನೆಲೆನಿಂತಿತು.

ಡೈನಮೋದ ಒಳಗಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡದೆ ಮುಂದಿನ ಬದಲಾವಣೆಗಳ ಕಾರಣ ತಿಳಿಯುವುದಿಲ್ಲ. ಹೊರಗಿನ ಚಿಪ್ಪಿಗೆ ಅಂಟಿಕೊಂಡಿರುವ ಕಬ್ಬಿಣದ ತುಂಡುಗಳ ಸುತ್ತ ಸುತ್ತಿದ ತಂತಿಗೆ ಫೀಲ್ಡ್ ಕಾಯಿಲ್ ಎಂದೂ, ಅವುಗಳ ನಡುವೆ ತಿರುಗುವ ತಂತಿ ಸುತ್ತಿದ ಉರುಳೆಗೆ ಆರ್ಮೇಚರ್ ಎಂದೂ ಹೆಸರು. ಆರ್ಮೇಚರಿನಲ್ಲಿ ಹುಟ್ಟುವ ವಿದ್ಯುತ್ತು ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತಾಗಿದ್ದು, ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನ ನೇರ ವಿದ್ಯುತ್ತಾದ್ದರಿಂದ, ಆರ್ಮೇಚರಿನ ತುದಿಯಲ್ಲಿ ಕಮ್ಯುಟೇಟರ್ ಎಂಬ ತಾಮ್ರದ ಬಳೆಯನ್ನು ಅಭ್ರಕದ ತೆಳುಪದರಗಳಿಂದ ಬೇರ್ಪಟ್ಟ ಹಲವು ತುಂಡುಗಳಾಗಿ ಜೋಡಿಸಿ, ಅದರ ಮೇಲೆ ಸ್ಪ್ರಿಂಗಿನ ಒತ್ತಡದಲ್ಲಿ ಉಜ್ಜಿಕೊಂಡಿರುವ ಕಾರ್ಬನ್ ಬ್ರಷ್ಷುಗಳ ಮೂಲಕ ವಿದ್ಯುತ್ತನ್ನು ಹೊರತೆಗೆಯಲಾಗುತ್ತದೆ. ಯಂತ್ರ ನಿಂತಿದ್ದಾಗಲೂ ಫೀಲ್ಡಿನ ಕಬ್ಬಿಣದಲ್ಲಿ ಅತ್ಯಲ್ಪವಾದ ಕಾಂತತ್ವ ಉಳಿದುಕೊಂಡಿರುತ್ತದೆ. ತಿರುಗತೊಡಗಿದಾಗ ಅದರಿಂದ ಹುಟ್ಟಿದ ಅಲ್ಪ ವಿದ್ಯುತ್ತು ಫೀಲ್ಡ್ ಕಾಯಿಲನ್ನು ಬಲಪಡಿಸಿ, ಅದು ಮತ್ತಷ್ಟು ವಿದ್ಯುತ್ತನ್ನು ಹುಟ್ಟಿಸುತ್ತ, ಕೆಲವೇ ಕ್ಷಣಗಳಲ್ಲಿ ಪೂರ್ಣ ವೋಲ್ಟೇಜು ಏರುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಡೈನಮೋ ಈ ಉಳಿಕೆ ಕಾಂತತ್ವವನ್ನು ಕಳೆದುಕೊಂಡಿದ್ದರೆ, ಬ್ಯಾಟರಿಯ ಒಂದು ತಂತಿಯನ್ನು ಫೀಲ್ಡಿನ ತುದಿಗೆ ಒಮ್ಮೆ ತಾಕಿಸಿ ಅದನ್ನು ಎಚ್ಚರಿಸುವ ಪದ್ಧತಿ ಇಂದಿಗೂ ಇದೆ.

ಎಂಜಿನ್ನಿನ ವೇಗ ಹೆಚ್ಚಿದಂತೆ ಡೈನಮೋದ ವೋಲ್ಟೇಜೂ ಏರುತ್ತ ಹೋಗುವುದರಿಂದ ಅದಕ್ಕೊಂದು ಕಡಿವಾಣ ಬೇಕು. ನಮ್ಮ ಊರುಗಳ ಆಟೋ ಎಲೆಕ್ಟ್ರಿಷಿಯನ್ನರು ಕಟೌಟ್ ಎಂದು ಕರೆಯುವ ಪೆಟ್ಟಿಗೆಯೊಳಗೆ ಎರಡು ವಿದ್ಯುತ್ಕಾಂತಗಳಿರುತ್ತವೆ. ಒಂದು, ಡೈನಮೋದ ವೋಲ್ಟೇಜು ಬ್ಯಾಟರಿಯದಕ್ಕಿಂತ ಹೆಚ್ಚಾದಾಗ ಮಾತ್ರ ಅವೆರಡನ್ನೂ ಜೋಡಿಸಿ, ಎಂಜಿನ್ ನಿಧಾನವಾದಾಗ ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿದು ಡೈನಮೋವನ್ನು ಸುಡದಂತೆ ಸಂಪರ್ಕವನ್ನು ಕಡಿಯುತ್ತದೆ. ಇನ್ನೊಂದು, ವೋಲ್ಟೇಜು ಮಿತಿ ಮೀರಿದಾಗ ಫೀಲ್ಡ್ ಕಾಯಿಲಿಗೆ ಹೋಗುವ ವಿದ್ಯುತ್ತನ್ನು ಸೆಕೆಂಡಿಗೆ ಹಲವಾರು ಬಾರಿ ತಡೆದು ಬಿಟ್ಟು ಹದ ಕಾಯುತ್ತದೆ. ಕಂಪಿಸುವ ಎಂಜಿನ್ನಿನ ಹತ್ತಿರ, ಧೂಳು ತೇವಗಳ ನಡುವೆ, ಕೂದಲೆಳೆಯಷ್ಟು ಸಂದಿಯಲ್ಲಿ ತೆರೆದು ಮುಚ್ಚುವ ಈ ಸಂಪರ್ಕಗಳು ದಶಕಗಳ ಕಾಲ ತಮ್ಮ ಕೆಲಸವನ್ನು ಮಾಡಿಕೊಂಡು ಬಂದದ್ದು ಆ ಕಾಲದ ಯಂತ್ರವಿದ್ಯೆಯ ಸಾಧನೆಯೆಂದೇ ಹೇಳಬೇಕು.

ಜಾವಾ ಈ ಚರಿತ್ರೆಯೊಳಗೆ ಬರುವುದು ಬೇರೊಂದು ದಾರಿಯಿಂದ. ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡು ಆರಂಭಿಸಿದ ಈ ಉದ್ಯಮ, ಜರ್ಮನ್ ಆಕ್ರಮಣದ ವರ್ಷಗಳಲ್ಲಿ ಗುಟ್ಟಾಗಿ ರೂಪಿಸಿದ 250 ಸಿಸಿಯ ಪೆರಾಕ್ ಮಾದರಿಯನ್ನು ಯುದ್ಧ ಮುಗಿದ ಮೇಲೆ 1946ರಲ್ಲಿ ಹೊರತಂದಿತು. ಬ್ರಿಟಿಷ್ ಪದ್ಧತಿಯ ಪ್ರತ್ಯೇಕ ಮ್ಯಾಗ್ನೆಟೋವನ್ನು ಜೆಕ್ ವಿನ್ಯಾಸಕಾರರು ಕೈಬಿಟ್ಟು, ಆರ್ಮೇಚರನ್ನು ನೇರವಾಗಿ ಕ್ರ್ಯಾಂಕ್ ಶಾಫ್ಟಿನ ಬಲತುದಿಗೇ ಕೂರಿಸಿ, ಅದರ ಸುತ್ತ ಫೀಲ್ಡ್ ಕಾಯಿಲುಗಳ ಬಳೆಯನ್ನು ಎಂಜಿನ್ನಿಗೆ ಬಿಗಿದು, ಕಿಡಿಗೆ ಬೇಕಾದ ವಿದ್ಯುತ್ತನ್ನೂ ಬ್ಯಾಟರಿಯಿಂದಲೇ ಪಡೆಯುವ ಏರ್ಪಾಡು ಮಾಡಿದರು. ಪ್ರತ್ಯೇಕ ಬೇರಿಂಗಿಲ್ಲ, ಚೈನಿಲ್ಲ, ಬೆಲ್ಟಿಲ್ಲ. ಕ್ರ್ಯಾಂಕ್ ತಿರುಗಿದರೆ ಡೈನಮೋ ತಿರುಗಿತು. 65 ಮಿಲಿಮೀಟರ್ ಬೋರ್ ಮತ್ತು 75 ಮಿಲಿಮೀಟರ್ ಸ್ಟ್ರೋಕಿನ ಆ ಎರಡು ಸ್ಟ್ರೋಕ್ ಎಂಜಿನ್ನೂ, ಅದರ ಬಲಬದಿಯ ಮುಚ್ಚಳದೊಳಗಿನ ಈ ಡೈನಮೋವೂ, 1950ರ ದಶಕದಲ್ಲಿ ಹಿಂಚಕ್ರಕ್ಕೆ ಸ್ವಿಂಗ್ ಆರ್ಮ್ ಪಡೆದ 353 ಎಂಬ ಮಾದರಿಗೆ ಮುಂದುವರಿದವು. ಮೈಸೂರಿಗೆ ಬಂದದ್ದು ಇದೇ ಮಾದರಿ.

ಸ್ವಾತಂತ್ರ್ಯಾನಂತರದ ದಶಕದಲ್ಲಿ ಸಿದ್ಧ ವಾಹನಗಳ ಆಮದಿಗೆ ಭಾರತ ಸರ್ಕಾರ ಕಡಿವಾಣ ಹಾಕಿ, ದೇಶದೊಳಗೇ ತಯಾರಿಸುವವರಿಗೆ ಪರವಾನಗಿ ನೀಡುವ ನೀತಿಯನ್ನು ಅನುಸರಿಸಿದಾಗ, ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿಯವರು ಫಾರೂಕ್ ಇರಾನಿಯವರೊಡನೆ ಸೇರಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು 1960ರಲ್ಲಿ ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹ ಈ ಉದ್ಯಮಕ್ಕಿತ್ತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಆರಂಭದಲ್ಲಿ ಜೆಕ್ ಬಿಡಿಭಾಗಗಳನ್ನು ಜೋಡಿಸುವುದರಿಂದ ತೊಡಗಿದ ಕೆಲಸ ಕ್ರಮೇಣ ಎಲ್ಲ ಭಾಗಗಳನ್ನೂ ದೇಶದಲ್ಲೇ ಮಾಡಿಸುವ ಮಟ್ಟಕ್ಕೆ ಬೆಳೆಯಿತು. ಅದೇ ಕಾಲಕ್ಕೆ ದೇಶದಲ್ಲಿ ವಾಹನಗಳ ವಿದ್ಯುತ್ ಭಾಗಗಳ ಉದ್ಯಮವೂ ಕಣ್ಣು ಬಿಡುತ್ತಿತ್ತು: ಬಾಷ್ ಸಹಯೋಗದ ಮೈಕೋ ಕಂಪನಿ ಬೆಂಗಳೂರಿನಲ್ಲಿ 1951ರಲ್ಲೇ ಆರಂಭವಾಗಿ ಅದರ ಸ್ಪಾರ್ಕ್ ಪ್ಲಗ್ಗುಗಳು ಮನೆಮಾತಾಗಿದ್ದವು, ಲ್ಯೂಕಾಸ್ ಮತ್ತು ಟಿವಿಎಸ್ ಸೇರಿ ಮದರಾಸಿನ ಹತ್ತಿರ 1961ರಲ್ಲಿ ಡೈನಮೋ, ಸ್ಟಾರ್ಟರುಗಳ ತಯಾರಿಕೆಗೆ ಅಡಿಯಿಟ್ಟಿದ್ದವು.

ಜಾವಾದ ಡೈನಮೋ 6 ವೋಲ್ಟಿನದು, ಅದರ ಸಾಮರ್ಥ್ಯ ಸುಮಾರು 45 ವ್ಯಾಟ್. ಮುಂದೀಪದ ಬಲ್ಬಿಗೆ 35 ವ್ಯಾಟ್, ಹಿಂದೀಪಕ್ಕೆ 5 ವ್ಯಾಟ್, ಸ್ಪೀಡೋಮೀಟರಿನ ಕಿರುದೀಪಕ್ಕೆ ಒಂದೆರಡು ವ್ಯಾಟ್, ಕಿಡಿ ಕೊಡುವ ಇಗ್ನಿಷನ್ ಕಾಯಿಲಿಗೆ ಕನಿಷ್ಠ ಹತ್ತು ಹದಿನೈದು ವ್ಯಾಟ್ ಎಂದು ಲೆಕ್ಕ ಹಾಕಿದರೆ, ಹಾರ್ನ್ ಒತ್ತದಿದ್ದರೂ ಬ್ರೇಕ್ ದೀಪ ಹೊತ್ತದಿದ್ದರೂ ರಾತ್ರಿಯ ಖರ್ಚು ಆದಾಯವನ್ನು ಮೀರಿಬಿಡುತ್ತದೆ. ಹಗಲಿನಲ್ಲಿ ದೂರ ಓಡಿದಾಗ ಕೂಡಿಟ್ಟದ್ದನ್ನು ರಾತ್ರಿ ಕರಗಿಸುವುದು ಈ ವ್ಯವಸ್ಥೆಯ ಮೂಲ ಕಲ್ಪನೆ. 1950ರ ದಶಕದ ಯೂರೋಪಿನ ಹಳ್ಳಿರಸ್ತೆಗಳಿಗೆ, ಮುಖ್ಯವಾಗಿ ಹಗಲು ಓಡಾಡುವ ಸವಾರನಿಗೆ ಈ ಲೆಕ್ಕ ಸರಿಯಾಗಿಯೇ ಇತ್ತು. ಪೇಟೆಯ ಸಿಗ್ನಲ್ಲುಗಳಲ್ಲಿ ನಿಮಿಷಗಟ್ಟಲೆ ನಿಂತು, ಸಂಜೆ ಆರರ ನಂತರ ಕೆಲಸದಿಂದ ಮರಳುವ, ಬ್ರೇಕ್ ಮತ್ತು ಹಾರ್ನುಗಳನ್ನು ಬಿಡುವಿಲ್ಲದೆ ಬಳಸುವ ಇಂದಿನ ಬೆಂಗಳೂರಿನ ಸವಾರನಿಗೆ ಅದು ಸಾಲುವುದಿಲ್ಲ. ಏಕೆಂದರೆ ಎಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಬ್ಯಾಟರಿಯನ್ನು ಮುಟ್ಟುವಷ್ಟು ವೋಲ್ಟೇಜನ್ನೇ ಹುಟ್ಟಿಸುವುದಿಲ್ಲ, ಕೆಂಪು ಚಾರ್ಜಿಂಗ್ ದೀಪ ಹೊತ್ತಿಕೊಂಡೇ ಇರುತ್ತದೆ.

ವೋಲ್ಟೇಜು ಕಡಿಮೆಯಿರುವುದೇ ಮತ್ತೊಂದು ತೊಂದರೆ. 35 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ವಿದ್ಯುತ್ತು ಹರಿಯಬೇಕು, 12 ವೋಲ್ಟಿನಲ್ಲಿ 2.9 ಆಂಪಿಯರ್ ಸಾಕು. ಹಳೆಯ ವೈರಿಂಗಿನಲ್ಲಿ, ತುಕ್ಕು ಹಿಡಿದ ಅರ್ಥಿಂಗ್ ಸ್ಕ್ರೂವಿನಲ್ಲಿ, ಸವೆದ ಸ್ವಿಚ್ಚಿನಲ್ಲಿ ಒಟ್ಟು ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧವಿದ್ದರೂ 6 ವೋಲ್ಟಿನ ವ್ಯವಸ್ಥೆಯಲ್ಲಿ ಸುಮಾರು 0.58 ವೋಲ್ಟ್, ಅಂದರೆ ಶೇ. 10ರಷ್ಟು, ದಾರಿಯಲ್ಲೇ ನಷ್ಟವಾಗುತ್ತದೆ; 12 ವೋಲ್ಟಿನಲ್ಲಿ ಅದೇ ನಷ್ಟ ಶೇ. 2.4 ಮಾತ್ರ. ತಂತಿ ಉರಿಯುವ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಗ್ಗುವುದರಿಂದ, ವೋಲ್ಟೇಜು ಶೇ. 10 ಇಳಿದಾಗ ಬೆಳಕು ಶೇ. 30ರಷ್ಟು ಇಳಿದುಹೋಗುತ್ತದೆ. ಹಳೆಯ ಜಾವಾದ ಮುಂದೀಪ ಮಂಕಾಗಿದೆ ಎಂದು ಡೈನಮೋವನ್ನು ದೂರುವವರು, ಅದರ ಅರ್ಧದಷ್ಟು ತಪ್ಪು ಮಡ್‌ಗಾರ್ಡಿನ ಮೂಲೆಯ ತುಕ್ಕಿನಲ್ಲಿರಬಹುದೆಂಬುದನ್ನು ಮರೆಯಬಾರದು. ಅನುಭವಿ ಎಲೆಕ್ಟ್ರಿಷಿಯನ್ನರು ಡೈನಮೋ ಬಿಚ್ಚುವ ಮೊದಲು ಅರ್ಥಿಂಗಿನ ಜಾಗಗಳನ್ನು ಪಾಲಿಷ್ ಕಾಗದದಿಂದ ಉಜ್ಜಿ ನೋಡುವುದು ಇದಕ್ಕಾಗಿಯೇ.

ಈ ಡೈನಮೋಗಳನ್ನು ಜೀವಂತವಾಗಿಟ್ಟ ಕಸುಬುದಾರರ ಕೈಕೆಲಸ ಕಾರ್ಖಾನೆಗಳ ಚರಿತ್ರೆಯಷ್ಟೇ ದಾಖಲೆಗೆ ಅರ್ಹವಾದದ್ದು, ಆದರೆ ಆ ದಾಖಲೆ ಬಹಳ ವಿರಳ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಇವು ಹಳೆಯ ಬಿಡಿಭಾಗ ಅರಸುವವರ ಜಾಡುಗಳಾದರೆ, ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದ ವೈಂಡಿಂಗ್ ಅಂಗಡಿ ಸುಟ್ಟ ಆರ್ಮೇಚರಿಗೆ ಮರುಜನ್ಮ ಕೊಡುವ ಜಾಗವಾಗಿತ್ತು. ಅಲ್ಲಿ ಮೊದಲು ಆರ್ಮೇಚರನ್ನು ಗ್ರೌಲರ್ ಎಂಬ ವಿದ್ಯುತ್ಕಾಂತದ ಮೇಲಿಟ್ಟು, ಅದರ ಮೈಮೇಲೆ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಹಿಡಿದು ಮೆಲ್ಲಗೆ ಉರುಳಿಸುತ್ತಾರೆ. ಒಳಗಿನ ಯಾವುದಾದರೂ ಸುರುಳಿ ಶಾರ್ಟ್ ಆಗಿದ್ದರೆ ಅದು ಕೂತ ತೋಡಿನ ಮೇಲೆ ಬ್ಲೇಡು ಗುಂಯ್‌ಗುಟ್ಟುತ್ತ ನಡುಗುತ್ತದೆ. ಹಳೆಯ ತಂತಿಯನ್ನು ಬಿಡಿಸುವಾಗ ಸುತ್ತುಗಳ ಸಂಖ್ಯೆ, ದಿಕ್ಕು, ಯಾವ ತೋಡಿನಿಂದ ಯಾವ ತೋಡಿಗೆ ದಾಟಿದೆ ಎಂಬುದನ್ನು ಗುರುತು ಹಾಕಿಕೊಂಡು, ಎನಾಮಲ್ ಲೇಪಿತ ತಾಮ್ರದ ಹೊಸ ತಂತಿಯನ್ನು ಅದೇ ಕ್ರಮದಲ್ಲಿ ಸುತ್ತಿ, ತುದಿಗಳನ್ನು ಕಮ್ಯುಟೇಟರಿಗೆ ಬೆಸೆದು, ವಾರ್ನಿಷ್ ಹಾಕಿ ಕಾಯಿಸುತ್ತಾರೆ. ಬಳಿಕ ಕಮ್ಯುಟೇಟರನ್ನು ಲೇತಿನಲ್ಲಿ ಹದವಾಗಿ ಕಡೆದು, ತಾಮ್ರದ ತುಂಡುಗಳ ನಡುವೆ ಮೇಲೆದ್ದ ಅಭ್ರಕವನ್ನು ಮತ್ತೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದಲೇ ಒಂದೊಂದಾಗಿ ಕೆರೆದು ತಗ್ಗಿಸುತ್ತಾರೆ. ಈ ಕೊನೆಯ ಹಂತದಲ್ಲಿ ಅವಸರಪಟ್ಟರೆ ಬ್ರಷ್ಷು ಅಭ್ರಕದ ಮೇಲೆ ಹಾರಿ ಹಾರಿ ಕಿಡಿ ಕಾರುತ್ತ ಬೇಗನೆ ಸವೆದುಹೋಗುತ್ತದೆ.

ಜಾವಾದ ರಚನೆಗೆ ವಿಶಿಷ್ಟವಾದ ಒಂದು ದೋಷವನ್ನು ಈ ಕಸುಬುದಾರರು ಚೆನ್ನಾಗಿ ಬಲ್ಲರು. ಆರ್ಮೇಚರು ಕ್ರ್ಯಾಂಕಿನ ತುದಿಯಲ್ಲಿ ಬೇರೆ ಆಸರೆಯಿಲ್ಲದೆ ನಿಂತಿರುವುದರಿಂದ, ಕ್ರ್ಯಾಂಕಿನ ಮುಖ್ಯ ಬೇರಿಂಗ್ ಸವೆದರೆ ಅದು ಓಲಾಡುತ್ತ ಸುತ್ತಲಿನ ಕಬ್ಬಿಣಕ್ಕೆ ಉಜ್ಜಿಕೊಳ್ಳುತ್ತದೆ, ಕಿಡಿಯ ಸಮಯ ನಿರ್ಧರಿಸುವ ಪಾಯಿಂಟಿನ ಸಂದಿಯೂ ಪ್ರತಿ ಸುತ್ತಿಗೆ ಬದಲಾಗುತ್ತದೆ. ಆಯಿಲ್ ಸೀಲ್ ಹೋಗಿದ್ದರಂತೂ ಪೆಟ್ರೋಲ್ ಮತ್ತು ಎಣ್ಣೆಯ ಮಿಶ್ರಣ ಜಿನುಗಿ ಕಮ್ಯುಟೇಟರಿನ ಮೇಲೆ ಕರಿಮಸಿಯಂತೆ ಕೂರುತ್ತದೆ. ಚಾರ್ಜಿಂಗ್ ಇಲ್ಲ ಎಂದು ಬಂದ ಗಾಡಿಗೆ ಎಂಜಿನ್ನನ್ನೇ ಬಿಚ್ಚಬೇಕಾದ ಪ್ರಸಂಗ ಹೀಗೆ ಒದಗುತ್ತದೆ.

ಇತ್ತ ಮೈಸೂರಿನಲ್ಲಿ ಡೈನಮೋ ಮುಂದುವರಿದಿದ್ದ ಕಾಲದಲ್ಲೇ ಅತ್ತ ಅದರ ಅಗತ್ಯವೇ ಇಲ್ಲವಾಗತೊಡಗಿತ್ತು. ಕಮ್ಯುಟೇಟರು ಮಾಡುತ್ತಿದ್ದ ಕೆಲಸ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವುದು. ಆ ಕೆಲಸವನ್ನು ಚಲಿಸುವ ಭಾಗಗಳಿಲ್ಲದ ರೆಕ್ಟಿಫೈಯರಿನಿಂದ ಮಾಡಿಸಲು ಸಾಧ್ಯವಾದರೆ ಬ್ರಷ್ಷೂ ಬೇಡ, ತಾಮ್ರದ ಬಳೆಯೂ ಬೇಡ. 1930ರ ದಶಕದಲ್ಲಿ ಅಲ್ಯೂಮಿನಿಯಂ, ನಿಕಲ್ ಮತ್ತು ಕೋಬಾಲ್ಟ್ ಬೆರೆತ ಬಲವಾದ ಕಾಯಂ ಅಯಸ್ಕಾಂತಗಳು ಬಂದ ಮೇಲೆ ತಂತಿಯನ್ನು ತಿರುಗಿಸುವ ಬದಲು ಅಯಸ್ಕಾಂತವನ್ನೇ ತಿರುಗಿಸಿ ತಂತಿಯನ್ನು ನಿಲ್ಲಿಸುವುದೂ ಸುಲಭವಾಯಿತು. ಹೀಗೆ ರೂಪುಗೊಂಡ ಆಲ್ಟರ್ನೇಟರನ್ನು ಇಂಗ್ಲೆಂಡಿನ ಟ್ರಯಂಫ್ ಕಂಪನಿ 1953ರಲ್ಲೇ ತನ್ನ ಸ್ಪೀಡ್ ಟ್ವಿನ್ ಮಾದರಿಗೆ ಅಳವಡಿಸಿತು. ಆದರೆ ಕಾಯಂ ಅಯಸ್ಕಾಂತದ ಬಲವನ್ನು ಫೀಲ್ಡ್ ಕಾಯಿಲಿನ ಹಾಗೆ ಹೆಚ್ಚುಕಡಿಮೆ ಮಾಡಲಾಗದ ಕಾರಣ ಹದ ಕಾಯುವುದು ಕಷ್ಟವಾಗಿ, ದೀಪದ ಸ್ವಿಚ್ಚಿನ ಮೂಲಕ ಒಂದಷ್ಟು ಸುರುಳಿಗಳನ್ನು ಸೇರಿಸುವ, ಬಿಡಿಸುವ ಒರಟು ಉಪಾಯದಿಂದಲೇ ಒಂದು ದಶಕ ಕಳೆಯಬೇಕಾಯಿತು. ಹಗಲಿನ ದೂರಪಯಣದಲ್ಲಿ ಬ್ಯಾಟರಿ ಕುದಿಯುವುದು, ರಾತ್ರಿ ಬರಿದಾಗುವುದು ಆಗಿನ ಸಾಮಾನ್ಯ ದೂರುಗಳು. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಜೀನರ್ 1934ರಲ್ಲಿ ವಿವರಿಸಿದ ತತ್ತ್ವದ ಹೆಸರನ್ನು ಹೊತ್ತ ಜೀನರ್ ಡಯೋಡ್ ಈ ಗಂಟನ್ನು ಬಿಡಿಸಿತು. ನಿಗದಿತ ವೋಲ್ಟೇಜಿನವರೆಗೆ ವಿದ್ಯುತ್ತನ್ನು ತಡೆದು, ಅದನ್ನು ಮೀರಿದಾಗ ಮಾತ್ರ ದಾರಿ ಬಿಡುವ ಈ ಪುಟ್ಟ ವಸ್ತುವನ್ನು ಅಲ್ಯೂಮಿನಿಯಂ ತಗಡಿಗೆ ಕೂರಿಸಿ ಗಾಳಿ ತಾಗುವ ಕಡೆ ಇಟ್ಟರೆ, ಬ್ಯಾಟರಿಗೆ ಬೇಡದ ವಿದ್ಯುತ್ತೆಲ್ಲ ಅಲ್ಲಿ ಶಾಖವಾಗಿ ಕಳೆದುಹೋಗುತ್ತಿತ್ತು. 1960ರ ದಶಕದ ನಡುಭಾಗಕ್ಕೆ ಬ್ರಿಟಿಷ್ ಗಾಡಿಗಳು ಇದರ ನೆರವಿನಿಂದಲೇ 12 ವೋಲ್ಟಿಗೆ ಬಂದವು. 1965ರ ಹಾರ್ಲೆ-ಡೇವಿಡ್‌ಸನ್ ಎಲೆಕ್ಟ್ರಾ ಗ್ಲೈಡ್ ಮತ್ತು 1969ರ ಹೋಂಡಾ ಸಿಬಿ750 ಗುಂಡಿ ಒತ್ತಿ ಚಾಲೂ ಮಾಡುವ ಸೌಲಭ್ಯವನ್ನೂ ಅದರ ಜೊತೆಗೆ ತಂದವು.

ರೆಕ್ಟಿಫೈಯರಾಗಿ ಕೆಲಸ ಮಾಡುವ ಸಿಲಿಕಾನ್ ಡಯೋಡು ಅಗ್ಗವಾಗುವವರೆಗೆ ಡೈನಮೋವೇ ವಿವೇಕದ ಆಯ್ಕೆಯಾಗಿತ್ತು ಎಂಬುದನ್ನು ಇಲ್ಲಿ ಒತ್ತಿಹೇಳಬೇಕು. ಜೆಕ್ ವಿನ್ಯಾಸಕಾರರು ಹಿಂದುಳಿದವರೆಂದೋ ಮೈಸೂರಿನ ಕಾರ್ಖಾನೆ ಉದಾಸೀನ ಮಾಡಿತೆಂದೋ ಹೇಳುವ ಮಾತು ಕಾಲಕ್ರಮವನ್ನು ಗಮನಿಸದ ಮಾತು. ಜಾವಾ ಹೆಸರಿನ ಪರವಾನಗಿ ಮುಗಿದು 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಬಂದವು, 1978ರಲ್ಲಿ ರೋಡ್‌ಕಿಂಗ್ ಬಂತು. ಆದರೆ 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಾಹಾ ಆರ್‌ಎಕ್ಸ್ 100 ಎಂಬ ಜಪಾನೀ ಮೂಲದ ಗಾಡಿಗಳು ಪಾಯಿಂಟಿಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್ನಿನೊಂದಿಗೆ ರಸ್ತೆಗಿಳಿದ ಮೇಲೆ ಪಾಯಿಂಟ್ ಉಜ್ಜುವ, ಬ್ರಷ್ ಬದಲಿಸುವ ಕೆಲಸ ಖರೀದಿದಾರನಿಗೆ ಭಾರವಾಗಿ ಕಂಡಿತು. ಮೈಸೂರಿನ ಕಾರ್ಖಾನೆಯೂ ತನ್ನ ಕೊನೆಯ ವರ್ಷಗಳಲ್ಲಿ ಅದೇ ಬಗೆಯ ಸಿಡಿಐ ಇಗ್ನಿಷನ್ ಅಳವಡಿಸಿದ ರೋಡ್‌ಕಿಂಗನ್ನು ಹೊರತಂದು, 1996ರಲ್ಲಿ ಬಾಗಿಲು ಮುಚ್ಚಿತು. ಇಂದಿನ ಒಡೆಯ ತನ್ನ 1960ರ ದಶಕದ ಗಾಡಿಗೆ ಮಾಡಿಸುವ ಬದಲಾವಣೆ, ಕಾರ್ಖಾನೆ ತಾನೇ ಹಿಡಿದಿದ್ದ ದಿಕ್ಕಿನಲ್ಲಿಯೇ ಇದೆ.

ಕಾರ್ಖಾನೆ ಮುಚ್ಚಿದ ಮೇಲೆ ಬೆಳೆದ ಈ ಬದಲಾವಣೆಯ ಪದ್ಧತಿಗಳಲ್ಲಿ ಅತಿ ಸಂಯಮದ್ದು ಡೈನಮೋವನ್ನು ಹಾಗೆಯೇ ಉಳಿಸಿ ಕಟೌಟಿನ ಪೆಟ್ಟಿಗೆಯೊಳಗಿನ ವಿದ್ಯುತ್ಕಾಂತಗಳ ಬದಲು ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಅಡಗಿಸಿಡುವುದು. ಹೊರಗಿನಿಂದ ನೋಡುವವರಿಗೆ ಏನೂ ಬದಲಾಗಿರುವುದಿಲ್ಲ, ಚಾರ್ಜಿಂಗ್ ಮಾತ್ರ ಸ್ಥಿರವಾಗಿರುತ್ತದೆ. ಅದರ ಜೊತೆಗೆ ಎಲ್‌ಇಡಿ ಬಲ್ಬುಗಳನ್ನು ಹಾಕಿ ಖರ್ಚನ್ನೇ ಇಳಿಸುವವರೂ ಇದ್ದಾರೆ. ಡೈನಮೋದ ವೋಲ್ಟೇಜು ವೇಗದೊಂದಿಗೆ ಏರುವುದರಿಂದ 6 ವೋಲ್ಟಿನ ಡೈನಮೋದಿಂದಲೇ 12 ವೋಲ್ಟನ್ನು ಪಡೆಯುವುದೂ ಸಾಧ್ಯ, ಆದರೆ ಚಾರ್ಜಿಂಗ್ ಆರಂಭವಾಗಲು ಎಂಜಿನ್ನು ಮೊದಲಿಗಿಂತ ಬಹಳ ವೇಗವಾಗಿ ತಿರುಗಬೇಕಾಗುತ್ತದೆ, ಪೇಟೆಯ ಸವಾರಿಗೆ ಅದು ಹೊಂದುವುದಿಲ್ಲ. ಇದನ್ನು ಸರಿಪಡಿಸಲು ವೈಂಡಿಂಗ್ ಅಂಗಡಿಯವರು ತೆಳುವಾದ ತಂತಿಯನ್ನು ಹೆಚ್ಚು ಸುತ್ತುಗಳಾಗಿ ಸುತ್ತಿಕೊಡುವುದುಂಟು. ಪೂರ್ಣ ಬದಲಾವಣೆಯೆಂದರೆ ಆರ್ಮೇಚರ್ ಮತ್ತು ಫೀಲ್ಡ್ ಕಾಯಿಲುಗಳನ್ನು ತೆಗೆದು, ಕ್ರ್ಯಾಂಕಿನ ಅದೇ ತುದಿಗೆ ಕಾಯಂ ಅಯಸ್ಕಾಂತದ ರೋಟರನ್ನೂ ಅದರೊಳಗೆ ಸ್ಥಿರ ಸುರುಳಿಗಳ ಫಲಕವನ್ನೂ ಕೂರಿಸುವುದು. ಜೆಕ್ ದೇಶದ ವೇಪ್ ಸಂಸ್ಥೆಯ ಭಾಗಗಳಿಂದ ಸಿದ್ಧವಾದ ಇಂಥ ಕಿಟ್ಟುಗಳು ಯೂರೋಪಿನ ಹಳೆಯ ಜಾವಾಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದು, 12 ವೋಲ್ಟಿನಲ್ಲಿ 100ರಿಂದ 150 ವ್ಯಾಟಿನವರೆಗೆ ವಿದ್ಯುತ್ತನ್ನು ಕೊಡುತ್ತವೆ. ಪಾಯಿಂಟಿನ ಜಾಗದಲ್ಲಿ ಬರುವ ಸಿಡಿಐ ವ್ಯವಸ್ಥೆಯು ಪ್ರತ್ಯೇಕ ಸುರುಳಿಯಲ್ಲಿ ಹುಟ್ಟಿದ ನೂರಾರು ವೋಲ್ಟಿನ ವಿದ್ಯುತ್ತನ್ನು ಕೆಪ್ಯಾಸಿಟರಿನಲ್ಲಿ ತುಂಬಿಟ್ಟು, ಸರಿಯಾದ ಕ್ಷಣದಲ್ಲಿ ಇಗ್ನಿಷನ್ ಕಾಯಿಲಿಗೆ ಒಮ್ಮೆಲೇ ಸುರಿಯುವುದರಿಂದ ಬ್ಯಾಟರಿ ಸಂಪೂರ್ಣ ಸತ್ತಿದ್ದರೂ ಗಾಡಿ ಚಾಲೂ ಆಗುತ್ತದೆ. ಬ್ಯಾಟರಿ ಸತ್ತ ಜಾವಾವನ್ನು ತಳ್ಳಿ ದಣಿದವರಿಗೆ ಇದರ ಬೆಲೆ ತಿಳಿದಿದೆ. ಆದರೆ ಬಲ್ಬುಗಳು, ಹಾರ್ನ್, ಬ್ಯಾಟರಿ ಎಲ್ಲವನ್ನೂ 12 ವೋಲ್ಟಿಗೆ ಬದಲಿಸಬೇಕು, ಕಾಲಕ್ಕೆ ಜೀರ್ಣವಾದ ವೈರಿಂಗನ್ನು ಹೊಸದಾಗಿ ಎಳೆಯಬೇಕು, ಮುಖ್ಯ ಬೇರಿಂಗ್ ಸವೆದಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು. ಈ ಪೂರ್ವಸಿದ್ಧತೆಗಳಿಲ್ಲದೆ ದುಬಾರಿ ಕಿಟ್ಟನ್ನು ಕೂರಿಸಿದರೆ ಹೊಸ ರೋಟರೂ ಹಳೆಯ ಆರ್ಮೇಚರಿನಂತೆಯೇ ಉಜ್ಜಿ ಹಾಳಾಗುತ್ತದೆ.

ಇಂಥ ಬದಲಾವಣೆಯಿಂದ ಗಾಡಿಯ ಐತಿಹಾಸಿಕ ಬೆಲೆ ಕುಗ್ಗುತ್ತದೆಯೇ ಎಂಬ ಪ್ರಶ್ನೆಗೆ ಹಳೆಯ ವಾಹನಗಳ ಸಂರಕ್ಷಕರು ಕೊಡುವ ಉತ್ತರ ಸಾಮಾನ್ಯವಾಗಿ ಸಮತೋಲದ್ದು. 1966ರಲ್ಲಿ ಸ್ಥಾಪನೆಯಾದ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು, ಸುರಕ್ಷತೆಗಾಗಿ ಅನಿವಾರ್ಯವಾದ ಮಾರ್ಪಾಡುಗಳನ್ನು ನಿಷೇಧಿಸುವುದಿಲ್ಲ. ಅವು ಮೂಲಕ್ಕೆ ಮರಳಿಸಬಹುದಾದ ಬಗೆಯವಾಗಿರಬೇಕು, ದಾಖಲಾಗಬೇಕು, ತೆಗೆದ ಭಾಗಗಳು ವಾಹನದೊಂದಿಗೇ ಉಳಿಯಬೇಕು ಎಂಬುದು ಅದರ ಆಶಯ. ಭಾರತ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿಯ ಅವಕಾಶ ಕಲ್ಪಿಸಿ, ಚಾಸಿ, ಬಾಡಿ ಮತ್ತು ಎಂಜಿನ್ನಿನ ಗಣನೀಯ ಬದಲಾವಣೆಗಳನ್ನು ಮೂಲ ರೂಪಕ್ಕೆ ಧಕ್ಕೆಯೆಂದು ಪರಿಗಣಿಸುತ್ತದೆ. ಮೈಸೂರಿನ ಮೊದಲ ದಶಕದ ಜಾವಾಗಳೆಲ್ಲ ಈ ವಯಸ್ಸನ್ನು ದಾಟಿವೆ. ಕಿಟ್ಟನ್ನು ಕೂರಿಸಲು ಕ್ರ್ಯಾಂಕ್‌ಕೇಸಿಗೆ ಹೊಸ ತೂತು ಕೊರೆಯುವ, ಮೂಲ ಮುಚ್ಚಳವನ್ನು ಕತ್ತರಿಸುವ, ಯಾವುದೋ ಹೊಸ ಬೈಕಿನ ಮ್ಯಾಗ್ನೆಟನ್ನು ಬೆಸುಗೆಯಿಂದ ಹೊಂದಿಸುವ ಕೆಲಸಗಳನ್ನು ಆದ್ದರಿಂದ ಯಾವ ಕಾರಣಕ್ಕೂ ಸಮರ್ಥಿಸಲಾಗದು; ಬೋಲ್ಟ್ ಬಿಚ್ಚಿದರೆ ಮೂಲ ಡೈನಮೋ ಮತ್ತೆ ತನ್ನ ಜಾಗದಲ್ಲಿ ಕೂರುವಂತಿರುವ ಬದಲಾವಣೆ ಮಾತ್ರ ಸರಿಯಾದದ್ದು.

ಆ ಅರ್ಥದಲ್ಲಿ ತೆಗೆದ ಡೈನಮೋವನ್ನು ತೂಕಕ್ಕೆ ಗುಜರಿಗೆ ಹಾಕುವುದೇ ಇಂದಿನ ದೊಡ್ಡ ನಷ್ಟ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಊರೂರುಗಳಲ್ಲಿ ಸೇರುವ ಗಾಡಿಗಳ ಒಡೆಯರು, ತಮ್ಮ ಗಾಡಿಯಿಂದ ಕಳಚಿದ ಆರ್ಮೇಚರ್, ಫೀಲ್ಡ್ ಕಾಯಿಲುಗಳ ಬಳೆ, ಕಟೌಟ್ ಮತ್ತು ಮೂಲ ವೈರಿಂಗಿನ ತುಂಡುಗಳನ್ನು ಎಣ್ಣೆಕಾಗದದಲ್ಲಿ ಸುತ್ತಿ, ಎಂಜಿನ್ ನಂಬರನ್ನು ಬರೆದ ಚೀಟಿಯೊಂದಿಗೆ ಒಂದು ಪೆಟ್ಟಿಗೆಯಲ್ಲಿಟ್ಟು, ಯಾವ ಕಾರಣಕ್ಕೆ ಯಾವ ವರ್ಷ ಯಾರ ಕೈಯಿಂದ ಬದಲಾವಣೆ ಮಾಡಿಸಿದ್ದೆಂಬುದನ್ನು ಅದರೊಡನೆ ಬರೆದಿಡಬೇಕು. ಅವುಗಳನ್ನು ಸುತ್ತಿ ಸರಿಪಡಿಸಬಲ್ಲ ವೈಂಡಿಂಗ್ ಕಸುಬುದಾರರು ಇನ್ನೂ ಇರುವಾಗಲೇ ಅವರಿಂದ ಸುತ್ತುಗಳ ಲೆಕ್ಕವನ್ನು ಕೇಳಿ ಕಾಗದಕ್ಕಿಳಿಸಬೇಕು.